ಒಂದು ಓಟು, ಒಂದು ನೋಟು

ಚುನಾವಣೆ ಸಮೀಪಿಸಿದಾಗ ನಮ್ಮ ಬೀದಿಗಳಲ್ಲಿ ಹಣವು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದು ನಿಮಗೆ ತಿಳಿಯದ ಸಂಗತಿಯಲ್ಲ. ಅಭ್ಯರ್ಥಿಯ ಕಡೆಯವರು ಬರುತ್ತಾರೆ, ಮನೆಯಲ್ಲಿ ಎಷ್ಟು ಓಟುಗಳಿವೆ ಎಂದು ವಿಚಾರಿಸುತ್ತಾರೆ, ಲಕೋಟೆಯನ್ನೋ ಸೀರೆಯನ್ನೋ ಕೈಯಲ್ಲಿಟ್ಟು ಹೋಗುತ್ತಾರೆ. ಇದು ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ, ಯಾರಾದರೂ ಅಭ್ಯರ್ಥಿ ನಮ್ಮ ಮನೆಯ ಬಾಗಿಲಿಗೆ ಬಂದು, "ಅಮ್ಮಾ, ನಿಮ್ಮ ಓಟನ್ನೂ ಕೊಡಿ, ಅದರ ಜೊತೆಗೆ ಒಂದು ರೂಪಾಯಿಯನ್ನೂ ಕೊಡಿ" ಎಂದು ಕೇಳಿದರೆ ನಾವು ಅವನ ಮುಖವನ್ನೇ ನೋಡುತ್ತಾ ನಿಂತೇವು. ಆದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ ಅಂತಹ ಅಭ್ಯರ್ಥಿಯೊಬ್ಬರಿದ್ದರು. ಅವರು ಕೇಳಿದರು, ಜನರು ಕೊಟ್ಟರು. ಮೂರು ಬಾರಿ ಶಾಸನಸಭೆಗೂ ಕಳುಹಿಸಿದರು.

ಶಾಂತವೇರಿ ಗೋಪಾಲಗೌಡರ ಹೆಸರು ಶಿವಮೊಗ್ಗ ನಗರದ ಒಂದು ಬಡಾವಣೆಗೆ ಇದೆ. ಆ ಬಡಾವಣೆಯ ಹೆಸರನ್ನು ವಿಳಾಸದಲ್ಲಿ ಬರೆಯುವ ಎಷ್ಟು ಮಂದಿಗೆ ಈ ವ್ಯಕ್ತಿಯ ನೆನಪಿದೆಯೋ ಹೇಳಲಾರೆ. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರ ಮಾರ್ಚ್ 14ರಂದು ಹುಟ್ಟಿದವರು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿ ಸೆರೆಮನೆ ಕಂಡವರು. ಸಮಾಜವಾದಿ ಪಕ್ಷದಿಂದ 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದಲೂ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದಲೂ ಶಾಸಕರಾದವರು. 1972ರ ಜೂನ್ 9ರಂದು, ಐವತ್ತನ್ನು ಮುಟ್ಟುವ ಮೊದಲೇ, ತೀರಿಕೊಂಡವರು. ಚುನಾವಣೆಗೆ ನಿಂತಾಗ ಅವರು ಮತದಾರರ ಮುಂದಿಟ್ಟ ಬೇಡಿಕೆಯೇ 'ಒಂದು ಓಟು, ಒಂದು ನೋಟು'. ಕೇಳುವುದಕ್ಕೆ ಪ್ರಾಸದ ಮಾತು. ಆದರೆ ಪ್ರಾಸಕ್ಕಾಗಿ ಹುಟ್ಟಿದ್ದಲ್ಲ. ಅದರ ಹಿಂದೆ ಒಂದು ಹೋರಾಟವಿತ್ತು, ಆ ಹೋರಾಟಕ್ಕೂ ಹಿಂದೆ ಇನ್ನೊಂದು ಪರಂಪರೆಯಿತ್ತು. ಮೊದಲು ಆ ಪರಂಪರೆಯನ್ನು ನೋಡೋಣ.

ಬಡವನ ಕಾಸಿನಿಂದ ರಾಜಕೀಯ ನಡೆಸುವುದನ್ನು ನಮ್ಮ ದೇಶಕ್ಕೆ ಕಲಿಸಿದವರು ಗಾಂಧೀಜಿ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ನಿಯಮಾವಳಿ ಬದಲಾಯಿತು. ಅಲ್ಲಿಯವರೆಗೆ ವಕೀಲರ, ಜಮೀನುದಾರರ ವಾರ್ಷಿಕ ಸಭೆಯಂತಿದ್ದ ಸಂಸ್ಥೆಗೆ ನಾಲ್ಕಾಣೆ ಕೊಟ್ಟ ಯಾರು ಬೇಕಾದರೂ ಸದಸ್ಯರಾಗುವ ಬಾಗಿಲು ತೆರೆಯಿತು. ಮರುವರ್ಷ ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿಯನ್ನು 1921ರ ಜೂನ್ 30ರೊಳಗೆ ಕೂಡಿಸಬೇಕೆಂದು ತೀರ್ಮಾನವಾಯಿತು, ಕೂಡಿಸಲಾಯಿತು. ಆ ಕೋಟಿಯಲ್ಲಿ ಶ್ರೀಮಂತ ವ್ಯಾಪಾರಿಗಳ ದೊಡ್ಡ ಮೊತ್ತಗಳೂ ಇದ್ದವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ನಾಲ್ಕಾಣೆಯ ಸದಸ್ಯನಿಗೆ ಒಂದು ಹೊಸ ಅಧಿಕಾರ ಸಿಕ್ಕಿತು. ಇದು ನನ್ನ ಸಂಸ್ಥೆ ಎಂದು ಅವನು ಹೇಳಬಹುದಾಗಿತ್ತು.

ಗಾಂಧೀಜಿ 1927ರಲ್ಲಿ ನಮ್ಮ ಕಡೆಗೂ ಬಂದರು. ಆ ವರ್ಷ ಕಾಯಿಲೆ ಬಿದ್ದು ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದ ಅವರು ಆಗಸ್ಟ್ ತಿಂಗಳಿನಲ್ಲಿ ಮೈಸೂರು ಸಂಸ್ಥಾನದ ಪ್ರವಾಸ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಭದ್ರಾವತಿಗಳನ್ನು ಕಂಡರು. ಪ್ರವಾಸದ ಉದ್ದೇಶ ಖಾದಿ ನಿಧಿ. ಸಭೆ ಮುಗಿದ ಮೇಲೆ ಕೈಚಾಚಿ ಕೇಳುವುದಕ್ಕೆ ಅವರಿಗೆ ಸಂಕೋಚವೆಂಬುದೇ ಇರಲಿಲ್ಲ. 1934ರ ಹರಿಜನ ಪ್ರವಾಸದಲ್ಲಿ ಅವರು ಕೊಡಗಿಗೆ ಬಂದಾಗ ಕತೆಗಾರ್ತಿ ಕೊಡಗಿನ ಗೌರಮ್ಮನವರು ತಮ್ಮ ಒಡವೆಗಳನ್ನೇ ಬಿಚ್ಚಿಕೊಟ್ಟದ್ದು ಕನ್ನಡನಾಡು ಇಂದಿಗೂ ನೆನೆಯುವ ಸಂಗತಿ. ಹಸ್ತಾಕ್ಷರ ಬೇಡಿದವರಿಂದ ಹರಿಜನ ನಿಧಿಗೆ ಐದು ರೂಪಾಯಿ ಪಡೆಯುತ್ತಿದ್ದರೆಂಬುದೂ ಪ್ರಸಿದ್ಧವೇ. ಬೇಡುವುದು ಅವಮಾನವಲ್ಲ, ಬೇಡಿದ್ದಕ್ಕೆ ಲೆಕ್ಕ ಕೊಡದಿರುವುದು ಅವಮಾನ ಎಂಬ ನಿಲುವು ಅವರದು. ಸಾರ್ವಜನಿಕ ಹಣದ ಲೆಕ್ಕದಲ್ಲಿ ಅವರ ಕಟ್ಟುನಿಟ್ಟನ್ನು ಸಹವಾಸಿಗಳೇ ತಡೆದುಕೊಳ್ಳಲಾರದೆ ಹೋದ ಪ್ರಸಂಗಗಳಿವೆ.

ಇನ್ನು ಕಾಗೋಡಿಗೆ ಬರೋಣ. ಶಿವಮೊಗ್ಗದಿಂದ ಸಾಗರದ ಕಡೆಗೆ ಹೋದರೆ ಆ ತಾಲ್ಲೂಕಿನ ಒಂದು ಹಳ್ಳಿ ಅದು. ಗೇಣಿದಾರರು, ಬಹುಮಟ್ಟಿಗೆ ದೀವರ ಸಮುದಾಯದವರು, ಒಡೆಯರ ಗದ್ದೆಯನ್ನು ಉತ್ತು ಭತ್ತವನ್ನು ಅಳೆದು ಕೊಡಬೇಕಾಗಿತ್ತು. ಜಗಳ ಹುಟ್ಟಿದ್ದು ಅಳೆಯುವ ಕೊಳಗದಿಂದ. ರೂಢಿಯ ಮೂರು ಸೇರಿನ ಕೊಳಗಕ್ಕಿಂತ ದೊಡ್ಡ ಕೊಳಗದಲ್ಲಿ ಗೇಣಿ ಅಳೆಸಿಕೊಳ್ಳುತ್ತಿದ್ದರೆಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು 1948ರಲ್ಲಿ ಸಾಗರ ತಾಲ್ಲೂಕಿನ ರೈತರನ್ನು ಒಂದು ಸಂಘಕ್ಕೆ ಕೂಡಿಸಿದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು, ಬಂಧನಗಳು ಆರಂಭವಾದವು. ಸಮಾಜವಾದಿ ಪಕ್ಷ ಸತ್ಯಾಗ್ರಹದ ಹೊಣೆ ಹೊತ್ತಿತು, ಗೋಪಾಲಗೌಡರು ಮುಂದೆ ನಿಂತರು, ತಂಡತಂಡವಾಗಿ ಜನರು ಸೆರೆಮನೆಗೆ ಹೋದರು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು.

ಇದಾದ ಕೆಲವೇ ತಿಂಗಳುಗಳಿಗೆ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ಬಂದಿತು. ಇಪ್ಪತ್ತೆಂಟರ ತರುಣ ಗೋಪಾಲಗೌಡರು ಆಳುವ ಪಕ್ಷದ ವಿರುದ್ಧ ನಿಂತರು. ಕಾರಿಲ್ಲ, ಬೆಂಬಲಕ್ಕೆ ಸಾಹುಕಾರರಿಲ್ಲ. ಇದ್ದವರು ಗೇಣಿದಾರರು.

ಅಂದಿನ ಕಾನೂನಿನ ಪ್ರಕಾರ ವಿಧಾನಸಭಾ ಅಭ್ಯರ್ಥಿ ಕಟ್ಟಬೇಕಾದ ಠೇವಣಿ 250 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ತಲೆಗೊಂದು ರೂಪಾಯಿಯಂತೆ 250 ಮಂದಿ ಕೊಟ್ಟರೆ ಠೇವಣಿ ಮುಗಿಯಿತು. ಆ ಮೇಲೆ ಕರಪತ್ರ, ಬಸ್ಸಿನ ಚಾರ್ಜು, ಧ್ವನಿವರ್ಧಕ. ಊಟ ಹೇಗೂ ಹಳ್ಳಿಯ ಮನೆಗಳಲ್ಲಿ. ಆದರೆ ಗೋಪಾಲಗೌಡರ ಒಂದು ರೂಪಾಯಿಯ ಬೇಡಿಕೆಯನ್ನು ಬರಿಯ ಖರ್ಚಿನ ಲೆಕ್ಕವಾಗಿ ಓದಿದರೆ ಅದರ ಅರ್ಧ ಅರ್ಥ ಮಾತ್ರ ಸಿಕ್ಕೀತು. ಓಟು ಗುಪ್ತ. ಪರದೆಯ ಹಿಂದೆ ಯಾರಿಗೆ ಕೊಟ್ಟೆವೆಂಬುದು ನಮಗೂ ದೇವರಿಗೂ ಮಾತ್ರ ತಿಳಿದಿರುತ್ತದೆ. ನೋಟು ಹಾಗಲ್ಲ. ಊರ ಮುಂದೆ, ಒಡೆಯನ ಕಡೆಯವರ ಕಣ್ಣೆದುರಿಗೆ, ಗೇಣಿದಾರನೊಬ್ಬ ಸೊಂಟದ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟನೆಂದರೆ ತಾನು ಯಾರ ಕಡೆಯವನೆಂದು ಸಾರಿ ಹೇಳಿದಂತೆಯೇ. ಅಂಜಿಕೆಯನ್ನು ಕಳೆದುಕೊಳ್ಳುವುದಕ್ಕೆ ಆ ಕಾಲದಲ್ಲಿ ಒಂದು ರೂಪಾಯಿ ತೆರಬೇಕಾಗಿತ್ತು. ಇನ್ನೊಂದು ಅರ್ಥವೂ ಉಂಟು. ಹಣ ಕೊಟ್ಟವನು ನಾಳೆ ಬಂದು, "ಗೌಡರೇ, ಸಭೆಯಲ್ಲಿ ನಮಗಾಗಿ ಏನು ಮಾಡಿದಿರಿ?" ಎಂದು ಕೇಳಬಲ್ಲ. ಹಣ ತೆಗೆದುಕೊಂಡವನಿಗೆ ಆ ಬಾಯಿ ಇರುವುದಿಲ್ಲ. ಅವನ ವ್ಯವಹಾರ ಅಂದೇ ಚುಕ್ತಾ ಆಗಿರುತ್ತದೆ.

ಇಲ್ಲಿ ನಿಮ್ಮನ್ನು ಸ್ವಲ್ಪ ದೂರದ ದೇಶಕ್ಕೆ ಕರೆದೊಯ್ಯಬೇಕಾಗಿದೆ, ಏಕೆಂದರೆ ಈ ಉಪಾಯವನ್ನು ಕಾಗೋಡಿಗಿಂತ ನೂರಿಪ್ಪತ್ತೈದು ವರ್ಷಗಳ ಹಿಂದೆಯೇ ಕಥೋಲಿಕ ಗೇಣಿದಾರರು ಪರೀಕ್ಷಿಸಿ ನೋಡಿದ್ದರು. ಐರ್ಲೆಂಡ್ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಕಾಲ. ಅಲ್ಲಿನ ಬಹುಸಂಖ್ಯಾತರು ಕಥೋಲಿಕರೇ ಆಗಿದ್ದರೂ ಸಂಸತ್ತಿನಲ್ಲಿ ಕುಳಿತುಕೊಳ್ಳುವ ಹಕ್ಕು ಅವರಿಗಿರಲಿಲ್ಲ. ಡೇನಿಯಲ್ ಓಕಾನೆಲ್ ಎಂಬ ವಕೀಲರು 1823ರಲ್ಲಿ ಕಥೋಲಿಕ ಸಂಘವನ್ನು ಕಟ್ಟಿದರು. ಆರಂಭದಲ್ಲಿ ಅದು ಹೆಚ್ಚಿನ ಶುಲ್ಕದ, ಅನುಕೂಲಸ್ಥರ ಸಂಘ. 1824ರಲ್ಲಿ ಅವರು ತಿಂಗಳಿಗೆ ಒಂದು ಪೆನ್ನಿಯ ಸದಸ್ಯತ್ವವನ್ನು ತಂದರು. ಅಂದು ಒಂದು ಪೌಂಡಿಗೆ 240 ಪೆನ್ನಿಗಳು. ಇದಕ್ಕೆ 'ಕ್ಯಾಥೊಲಿಕ್ ರೆಂಟ್' ಎಂಬ ಹೆಸರು ಬಂದಿತು. ನಮ್ಮ ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ 'ಕಥೋಲಿಕ ಗೇಣಿ'. ಜಮೀನುದಾರನಿಗೆ ಗೇಣಿ ಅಳೆಯುತ್ತಿದ್ದವನು ತನ್ನ ಬಿಡುಗಡೆಗಾಗಿ ತಾನೇ ಇನ್ನೊಂದು ಗೇಣಿ ತೆತ್ತನು. ಧರ್ಮಕೇಂದ್ರಗಳ ಗುರುಗಳು ಇದಕ್ಕೆ ನೆರವಾದರು, ದೇವಾಲಯದ ಬಾಗಿಲಲ್ಲಿಯೇ ವಸೂಲಿ ನಡೆಯಿತು.

ಪೆನ್ನಿಗಳ ಶಕ್ತಿ 1826ರ ಚುನಾವಣೆಯಲ್ಲಿ ಕಂಡಿತು. ಐರ್ಲೆಂಡಿನಲ್ಲಿ ಆಗ ಗುಪ್ತ ಮತದಾನವಿರಲಿಲ್ಲ. ಮತದಾರ ಎಲ್ಲರೆದುರು ಹೆಸರು ಹೇಳಬೇಕು, ಜಮೀನುದಾರ ಕೇಳಿಸಿಕೊಳ್ಳುತ್ತಿರುತ್ತಾನೆ. ಆದರೂ ವಾಟರ್‌ಫರ್ಡ್ ಪ್ರಾಂತದಲ್ಲಿ ರೈತರು ತಮ್ಮ ಒಡೆಯರ ಮನೆತನದ ಅಭ್ಯರ್ಥಿಯನ್ನೇ ಸೋಲಿಸಿದರು. ಸೇಡಿಗಾಗಿ ಒಡೆಯರು ಒಕ್ಕಲೆಬ್ಬಿಸಲು ಹೊರಟಾಗ ಆ ರೈತರ ರಕ್ಷಣೆಗೆಂದೇ ಹೊಸದಾಗಿ ನಿಧಿ ಕೂಡಿಸಲಾಯಿತು. 1828ರಲ್ಲಿ ಕ್ಲೇರ್ ಕ್ಷೇತ್ರದಿಂದ ಓಕಾನೆಲ್ಲರೇ ಗೆದ್ದರು. 1829ರಲ್ಲಿ ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಕೇಳಲು ಚೆಂದ. ಆದರೆ ಇತಿಹಾಸ ಅಲ್ಲಿಗೆ ನಿಲ್ಲಲಿಲ್ಲ. ಅದೇ 1829ರಲ್ಲಿ, ಆ ಕಾನೂನಿನ ಜೊತೆಯಲ್ಲಿಯೇ ಇನ್ನೊಂದು ಕಾನೂನು ಬಂದು, ಐರ್ಲೆಂಡಿನ ಗ್ರಾಮಾಂತರ ಕ್ಷೇತ್ರಗಳಲ್ಲಿ ಮತದಾನಕ್ಕೆ ಬೇಕಾದ ಆಸ್ತಿಯ ಅರ್ಹತೆಯನ್ನು ನಲವತ್ತು ಶಿಲಿಂಗಿನಿಂದ ಹತ್ತು ಪೌಂಡಿಗೆ ಏರಿಸಿತು, ಅಂದರೆ ಐದು ಪಟ್ಟು. ವಾಟರ್‌ಫರ್ಡಿನಲ್ಲಿ, ಕ್ಲೇರಿನಲ್ಲಿ ಒಡೆಯನ ಎದುರು ಎದೆಗೊಟ್ಟು ನಿಂತಿದ್ದ ಸಣ್ಣ ರೈತರು ಓಟನ್ನೇ ಕಳೆದುಕೊಂಡರು. ಪೆನ್ನಿ ಕೊಟ್ಟವರು ಹೊರಗೆ ಉಳಿದರು. ಅನುಕೂಲಸ್ಥ ಕಥೋಲಿಕರು ಒಳಗೆ ಹೋಗಿ ಕುಳಿತರು. ಓಕಾನೆಲ್ಲರು ವಕೀಲಿ ಬಿಟ್ಟು ಪೂರ್ಣಕಾಲ ರಾಜಕಾರಣಕ್ಕೆ ನಿಂತಾಗ ಅವರ ಜೀವನಕ್ಕಾಗಿಯೂ ಪ್ರತಿವರ್ಷ ಜನರಿಂದ ಕಾಣಿಕೆ ಎತ್ತಲಾಗುತ್ತಿತ್ತು, ವಿರೋಧಿಗಳು ಅವರನ್ನು ಭಿಕ್ಷುಕರ ರಾಜನೆಂದು ಹೀಯಾಳಿಸಿದರು. ಆ ಹೀಯಾಳಿಕೆ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ನಲವತ್ತು ಶಿಲಿಂಗಿನ ರೈತರ ಓಟು ಹೋದದ್ದು ದೊಡ್ಡದು. ಸಣ್ಣ ಕಾಸು ಕೂಡಿಸಿಕೊಟ್ಟವನ ಹೆಸರು ಗೆಲುವಿನ ಒಪ್ಪಂದದಲ್ಲಿ ಬಿಟ್ಟುಹೋಗಬಹುದು. ಕೊಡುವುದರ ಜೊತೆಗೆ ಕೇಳುತ್ತಲೇ ಇರಬೇಕಾಗುತ್ತದೆ.

ಕೇಳುತ್ತಲೇ ಇರುವುದಕ್ಕೆ ಒಂದು ವ್ಯವಸ್ಥೆ ಬೇಕು. ಅದರ ಒಂದು ಮಾದರಿಯನ್ನು ನೋಡಲು ಭದ್ರಾವತಿಗೆ ಹೋಗೋಣ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ 1923ರಲ್ಲಿ ಕಬ್ಬಿಣ ಹೊರಬಂದಿತು. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಕನ್ನಡಿಗರ ಜೊತೆಗೆ ತಮಿಳು, ತೆಲುಗು, ಮಲಯಾಳ ಮಾತನಾಡುವ ಕುಟುಂಬಗಳು ದುಡಿಮೆಗಾಗಿ ಬಂದು ನೆಲೆಸಿದವು. ನಮ್ಮ ಧರ್ಮಸಭೆಯ ಎಷ್ಟೋ ಕುಟುಂಬಗಳ ಹಿರಿಯರು ಹೀಗೆ ಬಂದವರೇ. ಕಾರ್ಖಾನೆಯೊಂದಿಗೆ ಕಾರ್ಮಿಕ ಸಂಘ ಬಂದಿತು, ಸಂಘದೊಂದಿಗೆ ತಿಂಗಳ ಚಂದಾ ಬಂದಿತು.

ಈ ಚಂದಾ ಕುರಿತು 1926ರ ಕಾರ್ಮಿಕ ಸಂಘಗಳ ಕಾನೂನು ಹೇಳಿದ ಮಾತುಗಳನ್ನು ಓದಿದರೆ ಇಂದಿಗೂ ಗೌರವ ಹುಟ್ಟುತ್ತದೆ. ಸಂಘದ ಸಾಮಾನ್ಯ ನಿಧಿಯನ್ನು ಇಂತಿಂತಹ ಉದ್ದೇಶಗಳಿಗೆ ಮಾತ್ರ ಬಳಸಬೇಕು. ಸದಸ್ಯರ ಪರವಾಗಿ ಚುನಾವಣೆಗೆ ನಿಲ್ಲುವವರಿಗೆ ಖರ್ಚು ಮಾಡಬೇಕಾದರೆ ಅದಕ್ಕಾಗಿ ಬೇರೆಯದೇ ಆದ ರಾಜಕೀಯ ನಿಧಿಯನ್ನು, ಬೇರೆಯಾಗಿ ವಸೂಲಿ ಮಾಡಿ ಇಡಬೇಕು. ಅದಕ್ಕೆ ಹಣ ಕೊಡೆಂದು ಯಾವ ಸದಸ್ಯನನ್ನೂ ಬಲವಂತ ಮಾಡಕೂಡದು. ಕೊಡದಿದ್ದವನಿಗೆ ಸಂಘದ ಯಾವ ಸೌಲಭ್ಯವೂ ತಪ್ಪಕೂಡದು. ಸದಸ್ಯನಿಗೆ ಲೆಕ್ಕದ ಪುಸ್ತಕ ನೋಡುವ ಹಕ್ಕಿದೆ. ವರ್ಷಕ್ಕೊಮ್ಮೆ ತಪಾಸಣೆಯಾದ ಲೆಕ್ಕವನ್ನು ನೋಂದಣಾಧಿಕಾರಿಗೆ ಒಪ್ಪಿಸಬೇಕು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ದುಡಿಯುವವನ ಕಾಸಿಗೆ ಇಷ್ಟು ಕಾವಲು ಇತ್ತೆಂಬುದನ್ನು ಗಮನಿಸಿ. ಇದೆಲ್ಲವೂ ಎಲ್ಲ ಕಡೆಯೂ ಅಕ್ಷರಶಃ ನಡೆಯಿತೆಂದು ನಾನು ಹೇಳುತ್ತಿಲ್ಲ. ಸಂಘಗಳ ಒಳಜಗಳಗಳನ್ನು ಕಂಡವರಿಗೆ ಅಂತಹ ಭ್ರಮೆ ಇರಲಾರದು. ಆದರೆ ಪ್ರಶ್ನೆ ಕೇಳಬೇಕೆನ್ನುವವನಿಗೆ ಕಾನೂನಿನ ಆಧಾರವಿತ್ತು. ಭದ್ರಾವತಿಯಲ್ಲಿ ಕಾರ್ಮಿಕ ನಾಯಕತ್ವವು ಶಾಸನಸಭೆಯ ಮೆಟ್ಟಿಲೂ ಆಯಿತು: ಕಾರ್ಖಾನೆಯ ಕಾರ್ಮಿಕರ ನಡುವಿನಿಂದ ಬೆಳೆದ ಎಂ.ಜೆ. ಅಪ್ಪಾಜಿಗೌಡರು 1994ರಲ್ಲಿ ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ಪಕ್ಷೇತರರಾಗಿ ಗೆದ್ದರು.

ಚಂದಾ ಕೊಡಲು ಸಂಬಳ ಬೇಕು. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ, ಪ್ರತಿಭಟನೆಗಳಾದ ಮೇಲೆ ಅದೇ ವರ್ಷದ ಆಗಸ್ಟಿನಲ್ಲಿ ಕೆಲಸ ಸ್ವಲ್ಪಮಟ್ಟಿಗೆ ಮತ್ತೆ ಶುರುವಾಯಿತು. ಕಾಯಂ ಕೆಲಸಗಾರನ ಜಾಗಕ್ಕೆ ಗುತ್ತಿಗೆಯವನು ಬಂದಾಗ ಅವನ ಅನ್ನಕ್ಕೆ ಮಾತ್ರ ಪೆಟ್ಟು ಬೀಳುವುದಿಲ್ಲ. ತಿಂಗಳು ತಿಂಗಳು ತನ್ನ ಕಾಸು ಕೊಟ್ಟು ತನ್ನ ಪ್ರತಿನಿಧಿಯನ್ನು ತಾನೇ ಸಾಕುವ ಸಾಮರ್ಥ್ಯಕ್ಕೂ ಬೀಳುತ್ತದೆ. ಈ ಎರಡನೆಯ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗೋಪಾಲಗೌಡರು ಬಿಟ್ಟುಹೋದ ಮಾತನ್ನು ಮುಂದೆ ಎತ್ತಿಕೊಂಡವರು ರೈತ ಸಂಘದವರು. ಭದ್ರಾ ಅಣೆಕಟ್ಟಿನ ನೀರು ಬಂದ ಮೇಲೆ ಶಿವಮೊಗ್ಗ-ಭದ್ರಾವತಿಯ ಬಯಲಿನಲ್ಲಿ ಕಬ್ಬು ಬೆಳೆಯಿತು, ಕಬ್ಬಿನ ಬೆಲೆಯ ಸುತ್ತ ಬೆಳೆಗಾರರ ಸಂಘಟನೆ ಬೆಳೆಯಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮೊದಲಾದವರ ಆ ಯತ್ನದಿಂದ 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು, ಎಂ.ಡಿ. ನಂಜುಂಡಸ್ವಾಮಿಯವರು ಅದರ ದೊಡ್ಡ ದನಿಯಾದರು. ರೈತ ಸಂಘದ ಅಭ್ಯರ್ಥಿಗಳೂ 'ಒಂದು ಓಟು, ಒಂದು ನೋಟು' ಎಂದೇ ಕೇಳಿದರು. ಮಂಡ್ಯ ಜಿಲ್ಲೆಯ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿಯೂ 2013ರಲ್ಲಿಯೂ ಗೆದ್ದು ವಿಧಾನಸಭೆಗೆ ಹಸಿರು ಶಾಲು ಹೊದ್ದು ಹೋದರು. ಬೀದಿಯಲ್ಲಿ ಲಕ್ಷ ಜನರನ್ನು ಕೂಡಿಸಬಲ್ಲ ಆ ಸಂಘ ಮತಪೆಟ್ಟಿಗೆಯಲ್ಲಿ ಬೆರಳೆಣಿಕೆಯ ಸ್ಥಾನಗಳನ್ನು ಮಾತ್ರ ಗಳಿಸಿತು ಎಂಬುದೂ ಸತ್ಯವೇ. ಗೋಪಾಲಗೌಡರೂ 1957ರಲ್ಲಿ ಸೋತವರು. ಒಂದು ರೂಪಾಯಿ ಗೆಲುವಿಗೆ ಜಾಮೀನಲ್ಲ.

ಅತ್ತ ದೊಡ್ಡ ಹಣದ ಕತೆ ಬೇರೆ ದಾರಿಯಲ್ಲಿ ನಡೆಯಿತು. ಅದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದನ್ನು 1969ರಲ್ಲಿ ನಿಷೇಧಿಸಲಾಯಿತು, 1985ರಲ್ಲಿ ಮಿತಿಯೊಂದಿಗೆ ಮತ್ತೆ ಅನುಮತಿಸಲಾಯಿತು. ನಡುವಿನ ಹದಿನಾರು ವರ್ಷ ಹಣ ನಿಂತಿರಲಿಲ್ಲ, ಕಣ್ಣಿಗೆ ಕಾಣದ ದಾರಿ ಹಿಡಿದಿತ್ತು ಅಷ್ಟೆ. 2017ರಲ್ಲಿ ಆ ಮಿತಿಯನ್ನೂ ತೆಗೆದುಹಾಕಿ ಚುನಾವಣಾ ಬಾಂಡ್ ಎಂಬ ವ್ಯವಸ್ಥೆಗೆ ದಾರಿ ಮಾಡಲಾಯಿತು. ಕೊಟ್ಟವರ ಹೆಸರು ಮತದಾರನಿಗೆ ತಿಳಿಯದ ಈ ಬಾಂಡುಗಳಲ್ಲಿ ಸಾವಿರ ರೂಪಾಯಿಯದೂ ಇತ್ತು, ಕೋಟಿ ರೂಪಾಯಿಯದೂ ಇತ್ತು. 2018ರಿಂದ 2024ರ ಜನವರಿಯವರೆಗೆ ಮಾರಾಟವಾದದ್ದು ಸುಮಾರು 16,518 ಕೋಟಿ ರೂಪಾಯಿಯ ಬಾಂಡುಗಳು. ಮೌಲ್ಯದ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಕೋಟಿ ರೂಪಾಯಿಯ ಬಾಂಡುಗಳೇ. ಸಾವಿರದ ಬಾಂಡ್ ಬರಿಯ ಅಲಂಕಾರಕ್ಕೆ ಇದ್ದಿತು ಎನ್ನಬೇಕು. ಮತದಾರನ ತಿಳಿಯುವ ಹಕ್ಕಿಗೆ ಇದು ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರುವರಿ 15ರಂದು ಈ ವ್ಯವಸ್ಥೆಯನ್ನು ರದ್ದುಗೊಳಿಸಿತು.

ಓದುಗರೇ, ಹಣ ಕೊಟ್ಟವರ ಹೆಸರು, ಹಣ ಹೋದ ದಾರಿ, ಲೆಕ್ಕ ಒಪ್ಪಿಸುವ ರೀತಿ — ಇವು ರಾಜಕಾರಣಿಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಗಳೆಂದು ನಾವು ಭಾವಿಸುತ್ತೇವೆ. ಸಂತ ಪೌಲರ ಪತ್ರಗಳನ್ನು ಹಣದ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವರು ದೂರದೂರದ ಸಭೆಗಳಿಂದ ಕಾಣಿಕೆ ಎತ್ತಿದರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೆಯ ಅಧ್ಯಾಯದಲ್ಲಿ ವಿಧಾನವನ್ನೇ ತಿಳಿಸಿದ್ದಾರೆ: ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಷ್ಟನ್ನು ಎತ್ತಿಡಬೇಕು, ತಾವು ಬಂದಾಗ ಅವಸರದ ವಸೂಲಿ ಆಗಕೂಡದು, ಹಣ ಒಯ್ಯುವವರನ್ನು ಸಭೆಯವರೇ ಆರಿಸಬೇಕು. ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ತೀತನ ಜೊತೆಗೆ ಸಭೆಗಳೇ ನೇಮಿಸಿದ ಇನ್ನೊಬ್ಬ ಸಹೋದರನನ್ನೂ ಕಳುಹಿಸುವುದಾಗಿ ಹೇಳಿ ಕಾರಣವನ್ನೂ ಕೊಡುತ್ತಾರೆ. ಇಷ್ಟು ದೊಡ್ಡ ಕಾಣಿಕೆಯ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು. ದೇವರೆದುರು ಸರಿಯಾಗಿದ್ದರೆ ಸಾಲದು, ಮನುಷ್ಯರೆದುರೂ ಸರಿಯಾಗಿರಬೇಕು. ಪ್ರೇಷಿತರೇ ತಮ್ಮನ್ನು ನಂಬಿ ಎಂದು ಹೇಳಿ ಸುಮ್ಮನಾಗಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಪ್ರತಿ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಇರಬೇಕೆಂದು, ವಿಶ್ವಾಸಿಗಳು ಕೊಟ್ಟ ಕಾಣಿಕೆಗೆ ವಿಶ್ವಾಸಿಗಳಿಗೆ ಲೆಕ್ಕ ಒಪ್ಪಿಸಬೇಕೆಂದು ವಿಧಿಸುತ್ತದೆ. ಬಲಿಪೂಜೆಯ ನಂತರ ವಾರ್ಷಿಕ ಲೆಕ್ಕ ಓದುವಾಗ ಮನೆಗೆ ಹೊರಡುವ ಆತುರ ತೋರುವವರು ವಿಧಾನಸಭೆಯ ಲೆಕ್ಕವನ್ನು ಎಲ್ಲಿಂದ ಕೇಳಿಯಾರು?

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಐರ್ಲೆಂಡಿನ ದೇವಾಲಯದ ಬಾಗಿಲಿನ ವಸೂಲಿಯನ್ನು ಹೊಗಳಿದೆನೆಂದು ಅದನ್ನು ನಮ್ಮಲ್ಲಿಯೂ ಮಾಡೋಣವೆಂದು ಯಾರೂ ಹೊರಡಬಾರದು. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾನೂನಿನ ಪ್ರಕಾರ ಯಾವ ಧರ್ಮದ ಪೂಜಾಸ್ಥಳವನ್ನೂ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ, ಅದರ ಹಣವನ್ನು ಪಕ್ಷದ ಉಪಯೋಗಕ್ಕೆ ಕೊಡುವಂತಿಲ್ಲ. ಕಾನೂನು ಇಲ್ಲದಿದ್ದರೂ ನನ್ನ ಅಭಿಪ್ರಾಯ ಇದೇ. ಅಲ್ಲಿ ಇಡೀ ಜನಾಂಗವೇ ಒಂದು ಹಕ್ಕಿಗಾಗಿ ಹೋರಾಡುತ್ತಿತ್ತು. ಇಲ್ಲಿ ಒಂದೇ ಬೆಂಚಿನಲ್ಲಿ ಮೂರು ಪಕ್ಷದವರು ಕುಳಿತು ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುತ್ತೇವೆ. ಕೊಡುವುದಿದ್ದರೆ ಪ್ರತಿಯೊಬ್ಬ ಪ್ರಜೆಯೂ ತನ್ನ ಮನಸ್ಸಿಗೆ ಬಂದವರಿಗೆ ತನ್ನ ಹೆಸರಿನಲ್ಲಿ, ರಸೀದಿ ಪಡೆದು, ಕೊಡಲಿ.

ಎಷ್ಟು ಕೊಡಬೇಕಾದೀತು? ವಿಧಾನಸಭಾ ಅಭ್ಯರ್ಥಿಯೊಬ್ಬ ಕರ್ನಾಟಕದಂತಹ ದೊಡ್ಡ ರಾಜ್ಯದಲ್ಲಿ ಖರ್ಚು ಮಾಡಬಹುದಾದ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಯಿತು. ಸುಮಾರು ಎರಡು ಲಕ್ಷ ಮತದಾರರಿರುವ ಕ್ಷೇತ್ರವೆಂದು ಹಿಡಿದರೆ ತಲೆಗೆ 20 ರೂಪಾಯಿ. ಹೋಟೆಲಿನಲ್ಲಿ ಒಂದು ಲೋಟ ಕಾಫಿಗೆ ಸಾಲಬಹುದು, ವಡೆಗೆ ಸಾಲದು. ಹತ್ತರಲ್ಲಿ ಒಬ್ಬರು ಮಾತ್ರ ಕೊಡುವುದಾದರೂ 200 ರೂಪಾಯಿ. ವಿದೇಶಗಳಲ್ಲಿ ಈ ಕೆಲಸವನ್ನು ಅಂತರ್ಜಾಲ ಸುಲಭಗೊಳಿಸಿದೆ. ಅಮೆರಿಕದಲ್ಲಿ 2008ರ ಬರಾಕ್ ಒಬಾಮರ ಪ್ರಚಾರಕ್ಕೂ 2016ರ ಬರ್ನಿ ಸ್ಯಾಂಡರ್ಸ್‌ರ ಪ್ರಚಾರಕ್ಕೂ ಲಕ್ಷಾಂತರ ಮಂದಿ ಸಣ್ಣ ಸಣ್ಣ ಮೊತ್ತ ಕಳುಹಿಸಿದರು. ಈಗ ನಮ್ಮ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಮೇಲೂ ಹಣ ಕಳುಹಿಸುವ ಚೌಕದ ಚೀಟಿ ಅಂಟಿಸಿದೆ. ಸೌಕರ್ಯದ ಕೊರತೆ ಇಲ್ಲ. ಕೊರತೆ ಇರುವುದು ಕೇಳುವ ಅಭ್ಯರ್ಥಿಯದು. ಕೇಳಿದರೆ ಕೊಡುವ ಮನೆಯದು. ಆ ಮನೆಗೆ ಅದೇ ವಾರ ಇನ್ನೊಬ್ಬನಿಂದ ಐನೂರರ ನೋಟು ಬಂದಿರುತ್ತದೆ. ಓಟಿಗಾಗಿ ಹಣ ಕೊಡುವುದು ಹೇಗೆ ಅಪರಾಧವೋ ತೆಗೆದುಕೊಳ್ಳುವುದೂ ಹಾಗೆಯೇ ಅಪರಾಧವೆಂದು ಕಾನೂನು ಹೇಳುತ್ತದೆ. ಎಲ್ಲರೂ ಕೊಡುತ್ತಾರೆ, ನಾವೊಬ್ಬರೇ ಬಿಟ್ಟರೆ ಏನಾಗುತ್ತದೆ ಎಂಬ ಸಮಾಧಾನವನ್ನು ಭಕ್ತರ ಮನೆಗಳಲ್ಲಿಯೂ ಕೇಳಿದ್ದೇನೆ.

ಗೋಪಾಲಗೌಡರು ಮೂರು ಬಾರಿ ಶಾಸಕರಾದರೂ ಸಂಪತ್ತು ಕೂಡಿಡಲಿಲ್ಲ. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬೇಕೆಂದು ವಾದಿಸಿದ್ದ ಅವರು ಆ ಹೆಸರು ಬಂದ 1973ರ ನವೆಂಬರ್ 1ನ್ನು ಕಾಣಲಿಲ್ಲ. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1ನ್ನೂ ಕಾಣಲಿಲ್ಲ. ಗೇಣಿದಾರರು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಗದ್ದೆಯ ಒಡೆಯರಾದರು. ಅವರಲ್ಲಿ ಎಷ್ಟು ಮಂದಿ ಹಿಂದೊಮ್ಮೆ ಒಂದು ರೂಪಾಯಿ ಕೊಟ್ಟವರೋ ಎಲ್ಲಿಯೂ ಬರೆದಿಟ್ಟಿಲ್ಲ.

ಇಂದಿನ ಲೆಕ್ಕವನ್ನು ಮಾತ್ರ ಬರೆದಿಡಲೇಬೇಕು. ಫಲಿತಾಂಶ ಬಂದ ಮೂವತ್ತು ದಿನಗಳೊಳಗೆ ಪ್ರತಿಯೊಬ್ಬ ಅಭ್ಯರ್ಥಿಯೂ, ಗೆದ್ದವನೂ ಸೋತವನೂ, ತನ್ನ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಶಿವಮೊಗ್ಗ, ಭದ್ರಾವತಿ ಕ್ಷೇತ್ರಗಳ ಲೆಕ್ಕವೂ ಹಾಗೆಯೇ ಬಂದು ಸೇರುತ್ತದೆ. ಅದನ್ನು ಯಾರು ಬೇಕಾದರೂ ಹೋಗಿ ನೋಡಬಹುದೆಂದು 1961ರ ಚುನಾವಣಾ ನಿಯಮಗಳ 88ನೆಯ ನಿಯಮ ಹೇಳುತ್ತದೆ. ನೋಡುವುದಕ್ಕೆ ಆ ನಿಯಮ ಗೊತ್ತುಪಡಿಸಿದ ಶುಲ್ಕ ಒಂದು ರೂಪಾಯಿ.